ಪಾಂಡೇಸರಾದಲ್ಲಿ ಹಲಗಲಿಯ ಲಾವಣಿ

ಸೂರತ್ತಿನ ಪಾಂಡೇಸರಾ ಅಂದರೆ ಸೀರೆಗೆ ಬಣ್ಣ ಹಾಕುವ, ಅಚ್ಚು ಒತ್ತುವ ಮಿಲ್ಲುಗಳ ಜಾಗ. ನಿಮ್ಮ ಮನೆಯ ಸೂರತ್ ಸೀರೆ ಇಲ್ಲಿಯೇ ಬಣ್ಣ ಕಂಡಿರಬಹುದು. ಒಡಿಶಾ, ಬಿಹಾರ, ಉತ್ತರ ಪ್ರದೇಶಗಳಿಂದ ದುಡಿಯಲು ಬಂದವರು ಇಲ್ಲಿ ಬಹಳ. ನನ್ನನ್ನು ತಂದದ್ದು ಬ್ಯಾಂಕಿನ ವರ್ಗಾವಣೆ. ನಿವೃತ್ತಿಯಾದ ಮೇಲೆ ಉಳಿಸಿಕೊಂಡದ್ದು ಮಗನ ನೌಕರಿ.

ಒಂದು ಸಂಜೆ ಟಿವಿಯಲ್ಲಿ ಯುದ್ಧದ ಸುದ್ದಿ ಬರುತ್ತಿತ್ತು. ಮೊಮ್ಮಗ, "ಅಜ್ಜಾ, ಯಾರು ಗೆಲ್ಲತಾರ?" ಅಂದ. ಕ್ರಿಕೆಟ್ ಪಂದ್ಯದ ಬಗ್ಗೆ ಕೇಳುವ ಹಾಗೇ ಕೇಳಿದ. ನನಗೆ ಥಟ್ಟನೆ ನೆನಪಾದದ್ದು ಹಲಗಲಿ ಬೇಡರ ಲಾವಣಿ. ಮುಧೋಳ ಸೀಮೆಯ ನಮ್ಮೂರ ಜಾತ್ರೆಯಲ್ಲಿ ಡಪ್ಪು, ತುಂತುಣಿಯ ಸದ್ದಿನಲ್ಲಿ ಅದನ್ನು ಕೇಳುತ್ತ ಅಜ್ಜನ ತೊಡೆಯ ಮೇಲೆ ನಿದ್ದೆ ಹೋದವನು ನಾನು.

ಮೊಮ್ಮಗನಿಗೆ ಕಥೆ ಹೇಳಿದೆ. 1857ರಲ್ಲಿ ಇಂಗ್ಲಿಷರ ಸರ್ಕಾರ ಜನ ತಮ್ಮ ಆಯುಧಗಳನ್ನು ಒಪ್ಪಿಸಬೇಕೆಂದು ಕಾಯ್ದೆ ಮಾಡಿತು. ಬೇಟೆಯನ್ನು ನಂಬಿದ ಹಲಗಲಿಯ ಬೇಡರಿಗೆ ಆಯುಧ ಕೊಡುವುದೆಂದರೆ ಜೀವ ಕೊಟ್ಟ ಹಾಗೆ. ಒಲ್ಲೆವೆಂದರು, ಜಡಗ, ಬಾಲ ಮುಂದಾದರು. ನವೆಂಬರ್ ಕೊನೆಗೆ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿದರು.

ಸೋಜಿಗ ನೋಡಿ, ಈ ಹಾಡನ್ನು ಸಂಗ್ರಹಿಸಿ 1880ರ ದಶಕದಲ್ಲಿ 'ಇಂಡಿಯನ್ ಆ್ಯಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವರು ಜೆ.ಎಫ್. ಫ್ಲೀಟ್, ಮುಂಬೈ ಪ್ರಾಂತದ ಇಂಗ್ಲಿಷ್ ಅಧಿಕಾರಿ. ಊರು ಸುಟ್ಟವರ ಪೈಕಿಯವರೇ ಊರಿನ ಅಳಲನ್ನು ಕಾಗದಕ್ಕೆ ಇಳಿಸಿದರು. ಸೂರತ್ತೂ ಆಗ ಅದೇ ಮುಂಬೈ ಪ್ರಾಂತದಲ್ಲೇ ಇತ್ತು. ಮುಂದೆ ಲಾವಣಿ ಕರ್ನಾಟಕದ ಹತ್ತನೇ ತರಗತಿಯ ಕನ್ನಡ ಪುಸ್ತಕಕ್ಕೂ ಬಂತು.

ಇದು ಯುದ್ಧವಿರೋಧಿ ಹಾಡೇ? ಪೂರ್ತಿ ಹಾಗೆನ್ನಲಾಗದು. ಬೇಡರ ಶೌರ್ಯವನ್ನು ಅದು ಮನಸಾರೆ ಹೊಗಳುತ್ತದೆ. ನನ್ನ ಅಜ್ಜ ಮೀಸೆ ತಿರುವುತ್ತ ಕೇಳುತ್ತಿದ್ದದ್ದು ಆ ಭಾಗವನ್ನೇ. ಆದರೆ ಊರು ಲೂಟಿಯಾದಾಗ ಲಾವಣಿಕಾರ ಹೋದದ್ದರ ಲೆಕ್ಕ ಹೇಳುತ್ತಾನೆ: ಹಾಲು, ಬೆಣ್ಣೆ, ಉಪ್ಪು, ಬೆಲ್ಲ, ಊಟದ ಗಂಗಾಳ, ಕೊರಳ ತಾಳಿ, ಕೊನೆಗೆ ಬೀಸುವ ಕಲ್ಲು. ಅಡವಿಟ್ಟ ಆಸ್ತಿಯ ಪಟ್ಟಿ ಮಾಡುತ್ತಲೇ ನೌಕರಿ ಮುಗಿಸಿದವನು ನಾನು. ಇಷ್ಟು ಸಂಕಟದ ಪಟ್ಟಿಯನ್ನು ನೋಡಿಲ್ಲ. ದಂಡಿನ ದಾಖಲೆಯಲ್ಲಿ ಸತ್ತವರ, ಸಿಕ್ಕವರ ಎಣಿಕೆ ಇರುತ್ತದೆ. ಅಡುಗೆಮನೆಯಲ್ಲಿ ಏನು ಹೋಯಿತೆಂದು ಬರೆದಿಟ್ಟದ್ದು ಹಾಡು ಮಾತ್ರ.

ಮೊಮ್ಮಗನಿಗೆ ಶಾಲೆಯಲ್ಲಿ ಗುಜರಾತಿ, ಕನ್ನಡ ಓದಲು ಬಾರದು. ಆದರೂ ಕಿವಿಗೊಟ್ಟು ಕೇಳಿದ.

"ಬೀಸುಕಲ್ಲು ಯಾಕ ಒಯ್ದ್ರು ಅಜ್ಜಾ? ಅದೇನು ಆಯುಧ ಅಲ್ಲಲ್ಲ?"

ನನ್ನ ಬಳಿ ಉತ್ತರ ಇರಲಿಲ್ಲ.

ಮರುದಿನ ಟಿವಿಯಲ್ಲಿ ಮತ್ತೆ ಕುಸಿದ ಮನೆಗಳು. ಯಾರು ಗೆದ್ದರೆಂದು ಅವನು ಕೇಳಲಿಲ್ಲ. ಸ್ವಲ್ಪ ಹೊತ್ತು ನೋಡಿ, "ಅವರ ಮನ್ಯಾಗ ಏನೇನು ಹೋಗಿರತದ ಅಜ್ಜಾ?" ಅಂದ.