ಸ್ಟೆಪ್ನಿಯ ಸರದಿ

ಮುಂಬೈಯ ಟ್ಯಾಕ್ಸಿಯವರಾಗಲಿ ಬೆಂಗಳೂರಿನ ಪಂಕ್ಚರ್ ಅಂಗಡಿಯವರಾಗಲಿ, ಕಾರಿನ ಐದನೇ ಚಕ್ರವನ್ನು ಕರೆಯುವುದು ಸ್ಟೆಪ್ನಿ ಎಂದೇ. ಇದು ಒಂದು ಬೀದಿಯ ಹೆಸರು. 1904ರಲ್ಲಿ ವೇಲ್ಸ್ ದೇಶದ ಲನೆಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಸಹೋದರರು ಕಾರುಗಳಿಗೆ ಹೆಚ್ಚುವರಿ ಚಕ್ರ ಮಾಡಿ ಮಾರತೊಡಗಿದರು. ಅವರ ಊರಿನವರೇ ಮರೆತಿರಬಹುದಾದ ಆ ಹೆಸರು ನಮ್ಮ ಡಿಕ್ಕಿಯಲ್ಲಿ ಉಳಿದುಕೊಂಡಿತು.

ಕಾಲಿಪೀಲಿ ಟ್ಯಾಕ್ಸಿಯ ಕಾಲದಲ್ಲಿ ಸ್ಟೆಪ್ನಿಗೂ ದುಡಿಮೆಯ ಸರದಿಯಿತ್ತು. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್‌ನ ಕುರ್ಲಾ ಕಾರ್ಖಾನೆಯಿಂದ ಬಂದ ಫಿಯೆಟ್, ಆಮೇಲಿನ ಪದ್ಮಿನಿ, ಎರಡಕ್ಕೂ ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಗಳಿಗೆ. ಹಿಂದಿನ ಟಯರ್ ಎಳೆದು ಸವೆಯುತ್ತಿತ್ತು, ಮುಂದಿನದು ತಿರುಗಿಸಿ ತಿರುಗಿಸಿ ಅಂಚಿನಲ್ಲಿ ಸವೆಯುತ್ತಿತ್ತು. ಹಾಗಾಗಿ ಹಿಂದಿನದು ಮುಂದಕ್ಕೆ, ಎಡದ್ದು ಬಲಕ್ಕೆ, ನಡುವೆ ಸ್ಟೆಪ್ನಿಯೂ ಸೇರಿ ಐದೂ ಸುತ್ತುತ್ತಿದ್ದವು. 1958ರಲ್ಲಿ ಶುರುವಾದ ಸಿಯೆಟ್ ಕಂಪನಿಯ ಭಾಂಡುಪ್ ಕಾರ್ಖಾನೆ ಕುರ್ಲಾಕ್ಕೆ ದೂರವೇನಲ್ಲ. ಕಾರೂ ಟಯರೂ ಒಂದೇ ಊರಿನವು.

ಈ ಲೆಕ್ಕದಲ್ಲಿ ಒಂದು ತೊಡಕಿತ್ತು. ಐದೂ ಸಮನಾಗಿ ಸವೆದರೆ ಐದನ್ನೂ ಒಟ್ಟಿಗೇ ಕೊಳ್ಳಬೇಕು. ದಿನದ ಗಳಿಕೆಯಲ್ಲಿ ಬದುಕುವವನು ಕೊಳ್ಳುವುದು ಎರಡೇ. ಆ ಎರಡನ್ನು ಎಲ್ಲಿ ಹಾಕುವುದು?

ಮುಂದಕ್ಕೆ ಎಂಬುದು ಹಳೆಯ ಉತ್ತರ. ಟ್ಯೂಬ್ ಇದ್ದ ಆ ಕ್ರಾಸ್‌ಪ್ಲೈ ಟಯರುಗಳು ಬಿಸಿಯೇರಿ ಸಿಡಿಯುತ್ತಿದ್ದವು. ಮುಂದಿನದು ಸಿಡಿದರೆ ಸ್ಟಿಯರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ ಎಂಬ ಭಯ. ಅದು ಪೆದ್ದುತನವೇನೂ ಆಗಿರಲಿಲ್ಲ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಎಳೆತ ಮುಂದಿನ ಚಕ್ರಗಳಿಗೆ ಹೋಯಿತು. ಸ್ಟಿಯರಿಂಗ್, ಎಳೆತ, ಬ್ರೇಕಿನ ಬಹುಪಾಲು ಹೊರೆ ಎಲ್ಲವೂ ಮುಂದೆಯೇ. ಅಲ್ಲಿನ ಟಯರ್ ಬೇಗ ಬೋಳಾಗತೊಡಗಿತು. ಹೊಸದನ್ನು ಅಲ್ಲಿಗೇ ಹಾಕುವುದು ಸಹಜ ಅನ್ನಿಸಿತು. ಟಯರ್ ಕಂಪನಿಗಳು ಹೇಳುವುದು ಉಲ್ಟಾ: ಹೊಸ ಜೋಡಿ ಹಿಂದಕ್ಕೆ. ಎಳೆತ ಮುಂದಿರಲಿ, ಹಿಂದಿರಲಿ.

ಕಾರಣ ತಿಳಿಯಬೇಕಾದರೆ ಜುಲೈ ತಿಂಗಳ ಈಸ್ಟರ್ನ್ ಫ್ರೀವೇಯನ್ನು ನೆನೆಸಿಕೊಳ್ಳಿ. ಟಯರಿನ ಗೀರುಗಳು ನೀರನ್ನು ಹೊರಹಾಕಲಾರದಿದ್ದರೆ ಚಕ್ರ ನೀರಿನ ಮೇಲೆ ತೇಲುತ್ತದೆ. ಮುಂದಿನ ಚಕ್ರ ತೇಲಿದರೆ ಸ್ಟಿಯರಿಂಗ್ ಹಗುರಾಗುತ್ತದೆ, ಕಾರು ನೆಟ್ಟಗೆ ಜಾರುತ್ತದೆ. ಚಾಲಕನಿಗೆ ಗೊತ್ತಾಗಿ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಾನೆ. ಹಿಂದಿನದು ತೇಲಿದರೆ ಸೂಚನೆಯೇ ಸಿಗದೆ ಕಾರು ಬುಗುರಿಯಂತೆ ತಿರುಗುತ್ತದೆ. ದಾದರಿನ ಜಾಮಿನಲ್ಲಿ ತೆವಳುವ ಪದ್ಮಿನಿಗೆ ಈ ಪ್ರಶ್ನೆ ಅಷ್ಟಾಗಿ ಎದುರಾಗಲಿಲ್ಲ. ವೇಗದ ರಸ್ತೆಗಳು ಬಂದ ಮೇಲೆ ಎದುರಾಯಿತು. ನಮ್ಮ ಕಾನೂನು ಕಾರಿಗೆ 1.6 ಮಿಲಿಮೀಟರ್ ಆಳದ ಗೀರು ಸಾಕೆನ್ನುತ್ತದೆ. ಮುಂಬೈ ಮಳೆಗೆ ಅದು ಏನೇನೂ ಸಾಲದು ಎಂದು ನನ್ನ ಅನಿಸಿಕೆ.

ಹೊಸದು ಹಿಂದಿದ್ದರೆ ಸವೆದ ಜೋಡಿ ಮುಂದೆ ಇನ್ನೂ ಬೇಗ ಮುಗಿಯುತ್ತದಲ್ಲ ಎಂದು ಅಂಗಡಿಯಲ್ಲಿ ವಾದಿಸುವವರಿದ್ದಾರೆ. ನಿಜವೇ. ಎಂಟು-ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ತಪ್ಪದೆ ಅದಲುಬದಲು ಮಾಡಿದವರಿಗೆ ಈ ವಾದದ ಅಗತ್ಯವೇ ಬೀಳುವುದಿಲ್ಲ.

ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಅದಕ್ಕೂ ಮೊದಲೇ, 2020ರಲ್ಲಿ, ಟ್ಯೂಬ್‌ಲೆಸ್ ಟಯರ್, ಪಂಕ್ಚರ್ ಕಿಟ್, ಗಾಳಿಯ ಒತ್ತಡ ತೋರಿಸುವ ಸಾಧನ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು ಕೇಂದ್ರ ಸರಕಾರ ನಿಯಮ ಬದಲಿಸಿತ್ತು. ಈಗ ಎಷ್ಟೋ ಕಾರುಗಳ ಡಿಕ್ಕಿಯಲ್ಲಿರುವ ಸ್ಟೆಪ್ನಿ ಉಳಿದ ನಾಲ್ಕಕ್ಕಿಂತ ಸಪೂರ. ಅದರ ಮೇಲೆ ವೇಗದ ಮಿತಿ ಬರೆದಿರುತ್ತದೆ. ಸರದಿಯಲ್ಲಿ ಅದನ್ನು ಸೇರಿಸುವಂತಿಲ್ಲ.