ದೇಶ ಇಲ್ಲದವರ ಓಟು

ನಮ್ಮೂರು ಬಸರಾಳು. 1234ರಲ್ಲಿ ಕಟ್ಟಿದ ಮಲ್ಲಿಕಾರ್ಜುನನ ಗುಡಿ ಇದೆ ಅಂತ ಸಿಕ್ಕಿದೋರ ಹತ್ರ ಎಲ್ಲಾ ಜಂಬ ಕೊಚ್ಕೋತೀನಿ. ಆಫೀಸಲ್ಲಿ ಪಕ್ಕ ಕೂರೋ ಗೆಳೆಯನಿಗೂ ಹೇಳಿ, 'ನಿಮ್ಮೂರು ಯಾವ್ದು?' ಅಂದೆ. ಅವನು ಟಿಬೆಟಿಯನ್, ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಹುಟ್ಟಿದವನು. 'ತಾತನ ಊರು ಹೇಳ್ಲೋ, ನಂದು ಹೇಳ್ಲೋ?' ಅಂದ.

1959ರ ಮಾರ್ಚ್‌ನಲ್ಲಿ ದಲೈ ಲಾಮಾ ಲಾಸಾ ಬಿಟ್ಟರು. ಅವರ ಹಿಂದೆ ಹಿಮಾಲಯ ದಾಟಿ ಬಂದವರಿಗೆ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಜಾಗ ಕೊಟ್ಟಿತು. ಕಾಡು ಕಡಿದರು, ಆನೆ ಓಡಿಸಿದರು, ಜೋಳ ಬೆಳೆದರು. ಇಷ್ಟು ನಮಗೆಲ್ಲ ಗೊತ್ತು.

ಗೊತ್ತಿಲ್ಲದ್ದು ಇನ್ನೊಂದಿದೆ. ದೇಶ ಬಿಟ್ಟ ಒಂದೂವರೆ ವರ್ಷಕ್ಕೆ, 1960ರ ಸೆಪ್ಟೆಂಬರ್ 2ರಂದು, ಇವರು ಆರಿಸಿದ ಮೊದಲ ಪ್ರತಿನಿಧಿಗಳು ಅಧಿಕಾರ ವಹಿಸಿಕೊಂಡರು. 1963ರ ಸಂವಿಧಾನದಲ್ಲಿ ದಲೈ ಲಾಮಾ ಅಧಿಕಾರವನ್ನೂ ಕಿತ್ತುಕೊಳ್ಳೋ ಅವಕಾಶ ಇತ್ತು. ಜನ ಬೇಡವೆಂದರು, ಹಟ ಹಿಡಿದು ಉಳಿಸಿದ್ದು ಸ್ವತಃ ದಲೈ ಲಾಮಾ. 2011ರಲ್ಲಿ ರಾಜಕೀಯ ಅಧಿಕಾರವನ್ನೇ ಬಿಟ್ಟುಕೊಟ್ಟರು. ಆ ವರ್ಷ ಓಟಿನಲ್ಲಿ ಗೆದ್ದು ನಾಯಕರಾದ ಲೋಬ್ಸಾಂಗ್ ಸಾಂಗೇ ಹುಟ್ಟಿದ್ದು ಡಾರ್ಜಿಲಿಂಗ್ ಕಡೆ.

ಈ ಸರ್ಕಾರವನ್ನು ಯಾವ ದೇಶವೂ ಒಪ್ಪಿಲ್ಲ. ಟಿಬೆಟ್‌ನಲ್ಲೇ ಉಳಿದವರಿಗೆ ಈ ಓಟೂ ಇಲ್ಲ.

ಹೋದ ಸಲ ಅವನು ರಜೆ ಹಾಕಿ, ಬಸ್ಸು ಹತ್ತಿ, ಬೈಲಕುಪ್ಪೆಗೆ ಹೋಗಿ ಓಟು ಹಾಕಿ ಬಂದ. ನಮ್ಮ ಚುನಾವಣೆಗೆ ಕಂಪನಿಯೇ ರಜೆ ಕೊಟ್ಟಿತ್ತು. ಬಸರಾಳಿಗೆ ಎರಡೂವರೆ ಗಂಟೆ ದಾರಿ. ನಾನು ಬೆಂಗಳೂರಲ್ಲಿ ಮಲಗಿದ್ದೆ.

ಊರು ಇರೋದು ಯಾರಿಗೆ, ಇಲ್ಲದಿರೋದು ಯಾರಿಗೆ ಅಂತ ಈಗ ಜಂಬ ಕೊಚ್ಕೊಳ್ಳೋಕೆ ನಾಲಿಗೆ ಏಳಲ್ಲ.