ದುಖೊಬೊರರ ವಿವಸ್ತ್ರ ಪ್ರತಿಭಟನೆಯೂ ಕೆನಡಾದ ಪೋಲೀಸರೂ

ಕ್ರಿಸ್ತಶಕ ೧೭೮೫ರಲ್ಲಿ ರಷ್ಯಾ ಸಾಮ್ರಾಜ್ಯದ ದಕ್ಷಿಣಭಾಗದಲ್ಲಿದ್ದ ಯೆಕತೆರಿನೊಸ್ಲಾವ್ ಪ್ರಾಂತದ ಧರ್ಮಾಧ್ಯಕ್ಷನು, ಪುರೋಹಿತರನ್ನಾಗಲಿ ಪೂಜಾಚಿತ್ರಗಳನ್ನಾಗಲಿ ಒಪ್ಪದಿದ್ದ ಕೆಲವು ರೈತಜನರನ್ನು ನಿಂದಿಸುವುದಕ್ಕಾಗಿ ‘ದುಖೊಬೊರ’ ಎಂಬ ಹೆಸರನ್ನು ಕಟ್ಟಿದನು. ‘ದುಖ್’ ಎಂದರೆ ಆತ್ಮ. ನಮ್ಮ ದುಃಖಶಬ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ‘ಬೊರ್’ ಎಂಬುದು ಹೋರಾಟವನ್ನು ಸೂಚಿಸುವ ಪದ. ಪವಿತ್ರಾತ್ಮನಿಗೆ ಎದುರಾಗಿ ಕಾದುವವರು ಎಂಬುದು ಅವನ ಅಭಿಪ್ರಾಯವಾಗಿದ್ದಿತು. ಆ ಜನರಾದರೋ ಸಮಾಸವನ್ನು ಬೇರೆ ರೀತಿಯಲ್ಲಿ ಬಿಡಿಸಿ, ಆತ್ಮದ ಬಲದಿಂದ ಹೋರಾಡುವವರು ಎಂದು ಅರ್ಥಮಾಡಿಕೊಂಡು, ಬೈಗುಳನ್ನೇ ಬಿರುದಾಗಿ ಧರಿಸಿದರು. ಪ್ರತಿ ಮನುಷ್ಯನಲ್ಲಿಯೂ ದೇವರು ನೆಲಸಿರುವುದರಿಂದ ಕೊಲ್ಲುವುದು ಪಾಪವೆಂದು ಅವರು ನಂಬಿದ್ದರು. ೧೮೯೫ರಲ್ಲಿ ಕಾಕಸಸ್ ಸೀಮೆಯಲ್ಲಿ ತಮ್ಮಲ್ಲಿದ್ದ ಆಯುಧಗಳನ್ನೆಲ್ಲ ರಾಶಿಹಾಕಿ ಸುಟ್ಟು, ಕೊಸಾಕ್ ಸೈನಿಕರ ಚಾವಟಿಯ ಏಟುಗಳನ್ನು ತಿಂದರು.

ಟಾಲ್‌ಸ್ಟಾಯ್ ಮಹಾಶಯನು ತನ್ನ ‘ಪುನರುತ್ಥಾನ’ ಎಂಬ ಕಾದಂಬರಿಯಿಂದ ಬಂದ ಹಣವನ್ನು ಇವರ ವಲಸೆಗಾಗಿ ಕೊಟ್ಟನೆಂಬುದು ಅನೇಕ ವಾಚಕರಿಗೆ ತಿಳಿದ ಸಂಗತಿಯೇ. ೧೮೯೯ರಲ್ಲಿ ಸುಮಾರು ೭,೫೦೦ ಮಂದಿ ಕೆನಡಾ ದೇಶವನ್ನು ಸೇರಿದರು. ಸೈನ್ಯದ ಸೇವೆಯಿಂದ ವಿನಾಯಿತಿ ಅವರಿಗೆ ದೊರಕಿತ್ತು. ಆದರೆ ಭೂಮಿಯನ್ನು ಒಬ್ಬೊಬ್ಬರ ಹೆಸರಿನಲ್ಲಿ ಬರೆಸಿಕೊಳ್ಳಬೇಕು, ರಾಜನಿಗೆ ನಿಷ್ಠೆಯ ಪ್ರಮಾಣಮಾಡಬೇಕು ಎಂದು ಸರ್ಕಾರವು ಕೇಳಿತು. ಭೂಮಿ ದೇವರದು, ಪ್ರಮಾಣವು ದೇವರಿಗೆ ಮಾತ್ರ ಸಲ್ಲತಕ್ಕದ್ದು ಎಂಬ ಜನಕ್ಕೆ ಇವೆರಡೂ ಕೂಡದ ಮಾತುಗಳಾದುವು. ಇಲ್ಲಿಂದಲೇ ವಿರಸವು ಮೊದಲಾಯಿತು.

ಈ ಜನರಲ್ಲಿ ಬಹುಮಂದಿ ಶಾಂತರಾದ ಕೃಷಿಕರು. ಬಟ್ಟೆಯನ್ನು ಕಳಚಿದವರು ಅವರೊಳಗಣ ಒಂದು ಸಣ್ಣ ಪಂಗಡದವರು ಮಾತ್ರ. ಅವರಿಗೆ ‘ಸ್ವಾತಂತ್ರ್ಯಪುತ್ರರು’ ಎಂದು ಹೆಸರಾಯಿತು. ದೇವರು ಕೊಟ್ಟ ಚರ್ಮಕ್ಕೆ ಮನುಷ್ಯನು ನೇಯ್ದ ಬಟ್ಟೆ ಮಿಗಿಲಲ್ಲ, ಪಾಪಕ್ಕೆ ಮುಂಚೆ ಆದಿಮಾನವನು ಹೇಗಿದ್ದನೋ ಹಾಗೆ ನಿಲ್ಲುವುದು ಶುದ್ಧಿಯ ಗುರುತು ಎಂಬುದು ಅವರ ವಾದ. ದಿಗಂಬರ ಎಂಬ ಶಬ್ದವನ್ನು ಗೌರವದಿಂದ ಉಚ್ಚರಿಸುವ ದೇಶದವರಿಗೆ ಈ ವಾದವು ತೀರ ಹೊಸದೆನ್ನಿಸಲಾರದು. ಕೆನಡಾದ ಅಧಿಕಾರಿಗಳಿಗಾದರೋ ಅದು ಅಸಭ್ಯತೆ ಅಥವಾ ಹುಚ್ಚು, ಇವೆರಡರಲ್ಲಿ ಒಂದಾಗಿಯೇ ಕಂಡಿತು.

೧೯೦೩ರಲ್ಲಿ ಈ ಪಂಗಡದ ಕೆಲವರು ವಿವಸ್ತ್ರರಾಗಿ ಯಾರ್ಕ್‌ಟನ್ ಪಟ್ಟಣದ ಕಡೆಗೆ ನಡೆದರು. ಅವರನ್ನು ಹಿಡಿದಿಟ್ಟ ಅಶ್ವಾರೋಹಿ ಪೋಲೀಸರ ಅಧಿಕಾರಿಯೊಬ್ಬನು ಮುಂದೆ ಹೇಳಿಕೊಂಡ ಕಥೆಯೊಂದಿದೆ. ಬಟ್ಟೆಯನ್ನು ತೊಡಿರೆಂದರೆ ತೊಡಲೊಲ್ಲದವರನ್ನು ಒಂದು ಮನೆಯಲ್ಲಿ ಕೂಡಿ, ರಾತ್ರಿಯಲ್ಲಿ ದೀಪವನ್ನು ಹಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದಿಟ್ಟನಂತೆ. ಬೆಳಕಿಗೆ ಮುತ್ತಿದ ಸೊಳ್ಳೆಗಳ ಕಡಿತವನ್ನು ತಾಳಲಾರದೆ ಅವರು ತಾವಾಗಿಯೇ ಬಟ್ಟೆಯನ್ನು ಉಟ್ಟರಂತೆ. ಕೇಳುವವರಿಗೆ ನಗುವನ್ನು ತರುವ ಕಥೆ. ಆದರೆ ಕೋಲನ್ನು ಎತ್ತದೆಯೂ ಕೈದಿಯ ಮೈಯನ್ನು ನೋಯಿಸಬಹುದೆಂಬುದಕ್ಕೆ ಇದೊಂದು ದೃಷ್ಟಾಂತವೂ ಹೌದು. ಹಾಗೆ ತೊಡಿಸಿದ ಬಟ್ಟೆ ಬಹುಕಾಲ ನಿಲ್ಲಲಿಲ್ಲ.

ಭೂಮಿಯ ಬಹುಭಾಗವನ್ನು ಕಳೆದುಕೊಂಡ ದುಖೊಬೊರರು ೧೯೦೮ರಿಂದ ಪಶ್ಚಿಮದ ಬ್ರಿಟಿಷ್ ಕೊಲಂಬಿಯಾ ಪ್ರಾಂತಕ್ಕೆ ಸರಿದರು. ಅಲ್ಲಿ ಮಕ್ಕಳನ್ನು ಸರ್ಕಾರದ ಶಾಲೆಗೆ ಕಳುಹಿಸುವ ವಿಷಯದಲ್ಲಿ ಕಲಹವು ಬೆಳೆಯಿತು. ಶಾಲೆಗಳಿಗೆ ಬೆಂಕಿ ಬಿದ್ದಿತು. ಬೆಂಕಿಯಿಟ್ಟವನನ್ನು ದಂಡಿಸುವುದು ನ್ಯಾಯವೇ. ಆದರೆ ಕತ್ತಲಲ್ಲಿ ಬೆಂಕಿಯಿಟ್ಟವನು ಸಿಕ್ಕುವುದು ಕಷ್ಟ, ಹಗಲಿನಲ್ಲಿ ಬಟ್ಟೆಯಿಲ್ಲದೆ ನಿಂತವನು ಸಿಕ್ಕುವುದು ಸುಲಭ. ೧೯೩೧ರಲ್ಲಿ ಕೆನಡಾದ ದಂಡಸಂಹಿತೆಗೆ ತಿದ್ದುಪಡಿಯಾಗಿ, ಸಾರ್ವಜನಿಕ ಸ್ಥಳದಲ್ಲಿ ವಿವಸ್ತ್ರನಾಗಿರುವುದಕ್ಕೆ ಮೂರು ವರ್ಷಗಳ ಸೆರೆಯು ವಿಧಿಸಲ್ಪಟ್ಟಿತು. ಮರುವರ್ಷವೇ ಸುಮಾರು ೬೦೦ ಮಂದಿ ಗಂಡಸರೂ ಹೆಂಗಸರೂ ಈ ಅಪರಾಧಕ್ಕಾಗಿ ಶಿಕ್ಷೆಯನ್ನು ಹೊಂದಿದರು. ಅಷ್ಟು ಜನಕ್ಕೆ ಸೆರೆಮನೆಗಳಲ್ಲಿ ಎಡೆಯಿಲ್ಲದೆ, ವ್ಯಾಂಕೂವರ್ ದ್ವೀಪದ ಮಗ್ಗುಲಲ್ಲಿರುವ ಪಿಯರ್ಸ್ ಎಂಬ ಕಿರುದ್ವೀಪದಲ್ಲಿ ಮುಳ್ಳುತಂತಿಯ ಬೇಲಿಯನ್ನು ಹಾಕಿ, ಗಂಡಸರಿಗೊಂದು ಹೆಂಗಸರಿಗೊಂದು ಆವರಣವನ್ನು ನಿರ್ಮಿಸಲಾಯಿತು. ಅವರ ಮಕ್ಕಳು ಮುನ್ನೂರಕ್ಕೂ ಮಿಕ್ಕಿದ್ದರು. ಆ ಮಕ್ಕಳನ್ನು ಅನಾಥಾಲಯಗಳಿಗೂ, ಅನ್ಯರ ಮನೆಗಳಿಗೂ, ದುಷ್ಟಬಾಲಕರನ್ನು ತಿದ್ದುವ ಶಾಲೆಗಳಿಗೂ ಹಂಚಿದರು. ತಾಯಿತಂದೆಗಳು ಬಟ್ಟೆಯನ್ನು ಕಳಚಿದ ತಪ್ಪಿಗೆ ಮಕ್ಕಳು ಮನೆಯನ್ನು ಕಳೆದುಕೊಳ್ಳುವ ಪದ್ಧತಿ ಇಂತು ಆರಂಭವಾಯಿತು.

೧೯೫೩ನೆಯ ಸೆಪ್ಟೆಂಬರ್ ೯ರಂದು ಇದೇ ಕ್ರಮವು ಇನ್ನೂ ಕಠಿನವಾಗಿ ನಡೆಯಿತು. ಪೆರ್ರಿ ಸೈಡಿಂಗ್ ಎಂಬಲ್ಲಿ ಡೇರೆಗಳಲ್ಲಿದ್ದ ಸ್ವಾತಂತ್ರ್ಯಪುತ್ರರ ಮೇಲೆ ಪೋಲೀಸರು ಬಿದ್ದು, ವಿವಸ್ತ್ರತೆಯ ಅಪರಾಧಕ್ಕಾಗಿ ೧೪೮ ಮಂದಿ ದೊಡ್ಡವರನ್ನು ಹಿಡಿದು ರೈಲಿನಲ್ಲಿ ವ್ಯಾಂಕೂವರ್ ನಗರಕ್ಕೆ ಸಾಗಿಸಿದರು. ಅಲ್ಲಿದ್ದ ೧೦೪ ಮಕ್ಕಳನ್ನು ನ್ಯೂ ಡೆನ್ವರ್ ಎಂಬ ಊರಿನ ಹಳೆಯ ಆರೋಗ್ಯಧಾಮಕ್ಕೆ ಕೊಂಡೊಯ್ದರು. ಯುದ್ಧಕಾಲದಲ್ಲಿ ಮನೆಮಠಗಳಿಂದ ಹೊರಡಿಸಲ್ಪಟ್ಟ ಜಪಾನೀ ವಂಶದ ಕೆನಡಾ ಪ್ರಜೆಗಳಿಗಾಗಿ ಕಟ್ಟಿದ ಕಟ್ಟಡವದು. ಶಾಲೆಗೆ ಬಾರದ ಮಕ್ಕಳನ್ನು ಶಾಲೆಗೆ ತರುವುದು ಉದ್ದೇಶವೆಂದು ಸರ್ಕಾರವು ಹೇಳಿತು. ೧೯೫೫ರ ಜನವರಿಯಲ್ಲಿ ಕ್ರೆಸ್ತೋವಾ ಗ್ರಾಮಕ್ಕೆ ಬೆಳಗಿನ ಜಾವದಲ್ಲಿ ಪೋಲೀಸರು ನುಗ್ಗಿ ಮನೆಮನೆಯನ್ನೂ ಶೋಧಿಸಿದರು. ಈ ವರ್ಷಗಳಲ್ಲಿ ಪೋಲೀಸರ ಸುಳಿವು ಹತ್ತಿದೊಡನೆ ತಾಯಂದಿರು ಮಕ್ಕಳನ್ನು ನೆಲಹಲಗೆಯ ಕೆಳಗೂ ಹುಲ್ಲಿನ ಅಟ್ಟಗಳಲ್ಲಿಯೂ ಬಚ್ಚಿಡುತ್ತಿದ್ದರು. ಅಕ್ಷರವನ್ನು ಕಲಿಸುವುದಕ್ಕೆಂದು ಮಗುವನ್ನು ಹಾಸಿಗೆಯಿಂದ ಎಳೆದೊಯ್ದರೆ, ಆ ಮಗುವಿಗೆ ಅಕ್ಷರದ ಮೇಲೆ ಎಂತಹ ಪ್ರೀತಿ ಹುಟ್ಟೀತು!

ತಿಂಗಳಿಗೆ ಎರಡು ಭಾನುವಾರ ಮಾತ್ರ ತಾಯಿತಂದೆಗಳು ಮಕ್ಕಳನ್ನು ನೋಡಬಹುದಾಗಿತ್ತು. ೧೯೫೬ರಲ್ಲಿ ಆವರಣದ ಸುತ್ತಲೂ ಎತ್ತರವಾದ ತಂತಿಬೇಲಿಯು ಎದ್ದಿತು. ಆಮೇಲೆ ಭೇಟಿಯೂ, ಮುತ್ತೂ, ಮನೆಯಿಂದ ತಂದ ತಿಂಡಿಯೂ ಆ ತಂತಿಯ ಕಣ್ಣುಗಳ ಮೂಲಕವೇ ನಡೆಯಬೇಕಾಯಿತು. ೧೯೫೯ರ ಆಗಸ್ಟ್ ತಿಂಗಳಿನಲ್ಲಿ ತಾಯಂದಿರು ನ್ಯಾಯಾಧಿಪತಿಯ ಮುಂದೆ ಮಕ್ಕಳನ್ನು ಶಾಲೆಗೆ ಕಳುಹಿಸುವೆವೆಂದು ಒಪ್ಪಿದ ಮೇಲೆ ಮಕ್ಕಳ ಬಿಡುಗಡೆಯಾಯಿತು. ಸರ್ಕಾರವು ತನ್ನ ಇಷ್ಟವನ್ನು ಸಾಧಿಸಿತೆಂದು ಇದರಿಂದ ತೋರಬಹುದು. ಆದರೆ ಬೆಂಕಿಯೂ ಸಿಡಿಮದ್ದೂ ಮುಂದಿನ ಕೆಲವು ವರ್ಷಗಳಲ್ಲಿ ಇನ್ನೂ ಹೆಚ್ಚಿದುವು.

೧೯೯೯ರಲ್ಲಿ ಆ ಪ್ರಾಂತದ ಸಾರ್ವಜನಿಕ ದೂರುಗಳ ವಿಚಾರಣಾಧಿಕಾರಿಯು ಈ ಮಕ್ಕಳಿಗೆ ಅನ್ಯಾಯವಾಯಿತೆಂದು ನಿರ್ಣಯಿಸಿ, ಷರತ್ತಿಲ್ಲದೆ ಕ್ಷಮೆಯನ್ನು ಕೇಳಬೇಕೆಂದು ಸರ್ಕಾರಕ್ಕೆ ಬರೆದರು. ೨೦೦೪ರಲ್ಲಿ ದೊರಕಿದುದು ವಿಷಾದದ ಮಾತು ಮಾತ್ರ. ೨೦೨೪ರ ಫೆಬ್ರವರಿ ೧ರಂದು ಕ್ಯಾಸಲ್‌ಗಾರ್ ಪಟ್ಟಣದಲ್ಲಿ ಪ್ರಾಂತದ ಮುಖ್ಯಮಂತ್ರಿ ಡೇವಿಡ್ ಈಬಿಯವರು ಸಭೆಯ ಮುಂದೆ ನಿಂತು ಕ್ಷಮೆಯನ್ನು ಬೇಡಿದರು; ಒಂದು ಕೋಟಿ ಡಾಲರುಗಳ ನಿಧಿಯೂ ಘೋಷಿಸಲ್ಪಟ್ಟಿತು. ಬೇಲಿಯ ಒಳಗೆ ನಿಂತಿದ್ದ ಆ ಮಕ್ಕಳಲ್ಲಿ ಅಂದು ಬದುಕಿದ್ದವರು ಎಪ್ಪತ್ತು ಎಂಬತ್ತು ವರ್ಷಗಳ ಮುದುಕರಾಗಿದ್ದರು. ಬೇಲಿಯ ಹೊರಗೆ ನಿಂತಿದ್ದವರಲ್ಲಿ ಬಹುಮಂದಿ ಆ ಮಾತನ್ನು ಕೇಳಲು ಉಳಿದಿರಲಿಲ್ಲ.